ಮುಖದ ಮೇಲಿನ ಎಳ್ಳು

ಚರ್ಮದ ಮೇಲಿನ ಸಣ್ಣ ಚುಕ್ಕೆಗಳಿಗೆ ಬೇರೆ ಬೇರೆ ಭಾಷೆಯವರು ಇಟ್ಟಿರುವ ಹೆಸರುಗಳನ್ನು ಒಂದು ಕಡೆ ಗುಡ್ಡೆ ಹಾಕಿದರೆ ಅರ್ಧ ದಿನಸಿ ಅಂಗಡಿ ಆಗುತ್ತದೆ. ಲ್ಯಾಟಿನ್ನಿನಲ್ಲಿ ‘ಲೆಂಟಿಗೊ’. ಅದು ಬಂದದ್ದು ‘ಲೆನ್ಸ್’ ಅನ್ನುವ ಪದದಿಂದ, ಅಂದರೆ ಮಸೂರ ಬೇಳೆ. ಜಪಾನಿಯರು ‘ಸೊಬಾಕಾಸು’ ಅಂತಾರೆ. ಸೋಬಾ ನೂಡಲ್ಸ್ ಮಾಡುವ ಧಾನ್ಯದ ಹೊಟ್ಟು ಅಂತ ಅರ್ಥ. ನಮ್ಮ ಸಂಸ್ಕೃತದ ವೈದ್ಯರು ಚರ್ಮಕ್ಕೆ ಸಮನಾಗಿ ಕೂತ ಕಪ್ಪು ಚುಕ್ಕೆಯನ್ನು ‘ತಿಲಕಾಲಕ’ ಅಂದರು, ಎಳ್ಳಿನ ಹಾಗಿದೆ ಅಂತ. ಜರ್ಮನ್ನರಿಗೆ ಅದು ಬೇಸಿಗೆಯ ಮೊಳಕೆ. ಚೀನೀಯರಿಗೆ ಗುಬ್ಬಚ್ಚಿ ಚುಕ್ಕೆ.

ಇವೆಲ್ಲ ಹೊಲ, ಕಣ, ಅಂಗಳದಲ್ಲಿ ಬದುಕಿದವರ ಕಣ್ಣಿಗೆ ಹೊಳೆಯುವ ಹೋಲಿಕೆಗಳು. ಕಣದಲ್ಲಿ ಎಳ್ಳು ಬಡಿಯುವುದನ್ನು ನೋಡಿ ಬೆಳೆದ ನನಗೆ ಇದು ತಕ್ಷಣ ಅರ್ಥವಾಗುತ್ತದೆ. ಇನ್ನೊಂದು ವಿಷಯ ಗಮನಿಸಿ: ಈ ಹೆಸರುಗಳಲ್ಲಿ ಬೈಗುಳ ಇಲ್ಲ. ಚುಕ್ಕೆಯನ್ನು ನೋಡಿದ್ದಾರೆ, ಗೊತ್ತಿರುವ ಕಾಳಿಗೆ ಹೋಲಿಸಿದ್ದಾರೆ, ಅಷ್ಟೇ. ಹಾಗಾದರೆ ಅದು ನಾಚಿಕೆಪಡುವ ವಿಷಯ ಆಗಿದ್ದು ಹೇಗೆ? ಈಗ ಮತ್ತೆ ಫ್ಯಾಷನ್ ಆಗುತ್ತಿರುವುದು ಹೇಗೆ?

ಕನ್ನಡದಲ್ಲಿ ಫ್ರೆಕಲ್ಸ್‌ಗೆ ಅಂತಲೇ ದಿನಬಳಕೆಯ ಒಂಟಿ ಪದ ಇಲ್ಲ. ಮಚ್ಚೆ ಇದೆ, ಬಂಗು ಇದೆ, ಚಿಬ್ಬು ಇದೆ. ಮೂರೂ ಬೇರೆ. ಮಚ್ಚೆ ಒಂದು ಕಡೆ ಗಟ್ಟಿಯಾಗಿ ಕೂತಿರುತ್ತದೆ. ಬಂಗು ಕೆನ್ನೆ, ಹಣೆ ಮೇಲೆ ಮೋಡದ ಹಾಗೆ ಹರಡುತ್ತದೆ. ಚಿಬ್ಬು ಫಂಗಸ್‌ನಿಂದ ಬರುವಂಥದ್ದು. ಬಂಗನ್ನು ಆಯುರ್ವೇದದವರು ‘ವ್ಯಂಗ’ ಅನ್ನುತ್ತಾರೆ. ಸುಶ್ರುತ ಸಂಹಿತೆ ಅದಕ್ಕೆ ಕೊಡುವ ಕಾರಣ ಮಜವಾಗಿದೆ: ಸಿಟ್ಟು ಮತ್ತು ದಣಿವಿನಿಂದ ಕೆರಳಿದ ವಾತ, ಪಿತ್ತದ ಜೊತೆ ಸೇರಿ ಮುಖಕ್ಕೆ ಬಂದು ಕಲೆ ಮಾಡುತ್ತದಂತೆ. ಅದು ನಿಜವಾಗಿದ್ದರೆ ರಿಲೀಸ್ ವಾರದಲ್ಲಿ ನಮ್ಮ ಇಡೀ ಫ್ಲೋರ್‌ಗೇ ಬಂಗು ಬರಬೇಕಿತ್ತು.

ಫ್ರೆಕಲ್ಸ್‌ನ ಕಥೆ ಬೇರೆ. ಅದರಲ್ಲಿ ಬಿಸಿಲಿನದೂ ಪಾಲಿದೆ, ಅಜ್ಜ ಅಜ್ಜಿಯರದೂ ಪಾಲಿದೆ.

ನಮ್ಮ ಚರ್ಮದಲ್ಲಿ ಮೆಲನೋಸೈಟ್ ಅನ್ನುವ ಜೀವಕೋಶಗಳಿವೆ. ಬಣ್ಣ ತಯಾರಿಸುವುದು ಇವುಗಳ ಕೆಲಸ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಎಷ್ಟು ಬಣ್ಣ, ಯಾವ ಬಗೆಯ ಬಣ್ಣ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಕಪ್ಪು-ಕಂದು ಬಣ್ಣ ಯೂಮೆಲನಿನ್, ಕೆಂಪು-ಹಳದಿ ಬಣ್ಣ ಫಿಯೋಮೆಲನಿನ್. ಇವೆರಡರ ನಡುವೆ ಸ್ವಿಚ್ ಥರ ಕೆಲಸ ಮಾಡುವ ಜೀನ್ ಒಂದಿದೆ, ಹೆಸರು ಎಂಸಿ1ಆರ್, ವಿಳಾಸ 16ನೇ ಕ್ರೋಮೋಸೋಮು. ಕೆಂಪು ಕೂದಲು ಮತ್ತು ಬೆಳ್ಳನೆಯ ಚರ್ಮಕ್ಕೂ ಈ ಜೀನಿನ ಬದಲಾದ ರೂಪಗಳಿಗೂ ಸಂಬಂಧ ಇದೆ ಅಂತ 1995ರಲ್ಲಿ ಗೊತ್ತಾಯಿತು. ಆಮೇಲೆ ಫ್ರೆಕಲ್ಸ್‌ನ ಮುಖ್ಯ ಜೀನ್ ಕೂಡ ಇದೇ ಅಂತ ತಿಳಿಯಿತು. ಕೆಂಪು ಕೂದಲು ಬರಬೇಕಾದರೆ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಬದಲಾದ ಪ್ರತಿ ಸಿಗಬೇಕು. ಚುಕ್ಕೆಗೆ ಒಂದೇ ಪ್ರತಿ ಸಾಕಾಗಬಹುದು. ಹಾಗಾಗಿ ಅಜ್ಜನ ಕೆಂಪು ಕೂದಲು ಮೊಮ್ಮಗಳಿಗೆ ಬರದೇ ಹೋದರೂ, ಅವಳ ಮೂಗಿನ ಮೇಲೆ ನಾಲ್ಕು ಚುಕ್ಕೆಯಾಗಿ ಅಜ್ಜ ಹಾಜರಿ ಹಾಕಬಹುದು.

ಆದರೆ ಯಾರೂ ಫ್ರೆಕಲ್ಸ್ ಇಟ್ಟುಕೊಂಡು ಹುಟ್ಟುವುದಿಲ್ಲ. ಮಗು ಒಂದಷ್ಟು ಬಿಸಿಲು ಕಂಡ ಮೇಲೆ, ಎರಡು ಮೂರು ವರ್ಷದ ಹೊತ್ತಿಗೆ ಅವು ಕಾಣಿಸಿಕೊಳ್ಳುತ್ತವೆ. ಬೇಸಿಗೆಯಲ್ಲಿ ಗಾಢವಾಗುತ್ತವೆ, ಚಳಿಗಾಲದಲ್ಲಿ ಮಸುಕಾಗುತ್ತವೆ. ವಂಶದಿಂದ ಬರುವುದು ಚುಕ್ಕೆಯಲ್ಲ, ಚುಕ್ಕೆ ಬರುವ ಗುಣ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಕೋಡ್ ಅಜ್ಜಿಯದು, ರನ್ ಮಾಡುವವನು ಸೂರ್ಯ.

ಈ ಜೀನ್ ಕಥೆ ಕೇಳಿದವರು ತಕ್ಷಣ ಮಾಡುವ ಲೆಕ್ಕ ಒಂದಿದೆ: ಫ್ರೆಕಲ್ಸ್ ಇದ್ದರೆ ವಂಶದಲ್ಲಿ ಎಲ್ಲೋ ಒಬ್ಬ ಐರಿಷ್‌ನವನೋ ಸ್ಕಾಟ್ಲೆಂಡಿನವನೋ ಇರಲೇಬೇಕು ಅಂತ. ಅದು ತಪ್ಪು ಲೆಕ್ಕ. 2004ರಲ್ಲಿ ಚೀನಾದ ಕುಟುಂಬವೊಂದರಲ್ಲಿ ಫ್ರೆಕಲ್ಸ್ ಹೇಗೆ ಹರಿದುಬಂದಿದೆ ಅಂತ ಹುಡುಕಿದ ವಿಜ್ಞಾನಿಗಳಿಗೆ ಸುಳಿವು ಸಿಕ್ಕಿದ್ದು 16ನೇ ಕ್ರೋಮೋಸೋಮಿನಲ್ಲಲ್ಲ, 4ನೆಯದರಲ್ಲಿ. ಒಂದೇ ಊರಿಗೆ ಎರಡು ದಾರಿ ಇರುವ ಹಾಗೆ. ಮುಖ ನೋಡಿ ಗೋತ್ರ ಹೇಳುವವರು ಎಲ್ಲ ಕಡೆ ಇದ್ದಾರೆ. ನಮ್ಮಲ್ಲೂ ಕಣ್ಣು ಸ್ವಲ್ಪ ಬೆಕ್ಕಿನ ಕಣ್ಣಿನಂತಿದ್ದರೆ ಸಾಕು, ಪೂರ್ವಜರನ್ನು ಹಡಗಿನಲ್ಲಿ ಕರೆತಂದುಬಿಡುತ್ತಾರೆ.

ಹಡಗಿನ ವಿಷಯ ಬಂತಲ್ಲ, ನಿಜವಾದ ಹಡಗುಗಳ ಕಥೆಯೂ ಇದೆ. 1788ರಿಂದ 1868ರವರೆಗೆ ಬ್ರಿಟನ್ ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿತು. ಅವರಲ್ಲಿ ಐರಿಷ್‌ನವರು ದೊಡ್ಡ ಸಂಖ್ಯೆಯಲ್ಲಿದ್ದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಶುರುವಾದ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಮೋಡ ಮುಸುಕಿದ ದ್ವೀಪದಲ್ಲಿ ಸಾವಿರಾರು ವರ್ಷ ಬಾಳಿದ ಚರ್ಮ ಕೆಲವೇ ತಲೆಮಾರುಗಳಲ್ಲಿ ಕ್ವೀನ್ಸ್‌ಲೆಂಡ್‌ನ ಸುಡುಬಿಸಿಲಿನಲ್ಲಿ ಕಬ್ಬು ಕಡಿಯಬೇಕಾಯಿತು. ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ದೇಶಗಳಲ್ಲಿ ಆಸ್ಟ್ರೇಲಿಯಾ ಇವತ್ತಿಗೂ ಒಂದು. 1981ರಲ್ಲಿ ಅಲ್ಲಿ ‘ಸ್ಲಿಪ್! ಸ್ಲಾಪ್! ಸ್ಲ್ಯಾಪ್!’ ಅನ್ನುವ ಪ್ರಚಾರ ಶುರುವಾಯಿತು: ಅಂಗಿ ಹಾಕಿ, ಸನ್‌ಸ್ಕ್ರೀನ್ ಬಳಿದುಕೊಳ್ಳಿ, ಟೋಪಿ ಇಡಿ ಅಂತ. ಫ್ರೆಕಲ್ಸ್ ತಾನಾಗಿ ಕಾಯಿಲೆಯಲ್ಲ. ಈ ಚರ್ಮ ಬಿಸಿಲಿಗೆ ಬೇಗ ಸೋಲುತ್ತದೆ ಅನ್ನುವ ಸೂಚನೆ ಅದು.

ಪೂರ್ವಜರಿಂದ ಬಂದದ್ದೆಲ್ಲ ಹೆಮ್ಮೆಯ ಬಳುವಳಿಯೇ ಆಗಿರಬೇಕಿಲ್ಲ. ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್‌ರ ಕೂದಲು ಕೆಂಪಗಿತ್ತು, ಚರ್ಮ ತಿಳಿಯಾಗಿತ್ತು. ಅವರ ತಾಯಿ ಹುಟ್ಟಿದ್ದು ಕೆರಿಬಿಯನ್ ದ್ವೀಪ ಗ್ರೆನಡಾದಲ್ಲಿ, ತಾಯಿಯ ತಂದೆ ಬಿಳಿಯ. 1965ರಲ್ಲಿ ಬಂದ ಆತ್ಮಕಥೆಯಲ್ಲಿ ಮಾಲ್ಕಂ ಇದನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ತಿಳಿ ಬಣ್ಣ ಒಂದು ಅಂತಸ್ತು ಅಂದುಕೊಂಡಿದ್ದರು. ದೊಡ್ಡವರಾದ ಮೇಲೆ, ಹೆಂಗಸೊಬ್ಬಳ ಮೇಲೆ ಅತ್ಯಾಚಾರ ಮಾಡಿದವನ ರಕ್ತ ಅದು ಅಂತ ದ್ವೇಷಿಸಿದರು. ಕನ್ನಡಿಯಲ್ಲಿ ಕಾಣುವ ಮುಖ ಅದೇ, ಅದೇ ಕೂದಲು. ಆ ಮುಖ ಎಲ್ಲಿಂದ ಬಂತು ಅನ್ನುವ ಕಥೆಯನ್ನು ಬೇರೆ ಥರ ಓದಿದಾಗ ಭಾವನೆಯೂ ತಿರುಗಿತು.

ಚುಕ್ಕೆಯ ವಿಷಯದಲ್ಲೂ ಓದು ಹೀಗೆಯೇ ಬದಲಾಗುತ್ತ ಬಂದಿದೆ. ಅದನ್ನು ಅಳಿಸುವ ಆಸೆ ಹೊಸದಲ್ಲ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ವಿಶ್ವಕೋಶದಂಥ ಗ್ರಂಥದಲ್ಲೇ ‘ಲೆಂಟಿಗೊ’ಗೆ ಮದ್ದು ಬರೆದಿಟ್ಟಿದ್ದಾನೆ. ಯೂರೋಪಿನಲ್ಲಿ ಶತಮಾನಗಟ್ಟಲೆ ಬಿಸಿಲಿನ ಗುರುತು ಅಂದರೆ ಹೊಲದ ಕೆಲಸದ ಗುರುತು. ನೆರಳಿನಲ್ಲಿ ಕೂರುವ ಶ್ರೀಮಂತಿಕೆ ಇದ್ದವಳ ಮುಖ ಹಾಲಿನಂತಿರಬೇಕು, ಕೈಯಲ್ಲಿ ಕೊಡೆ ಇರಬೇಕು. ನಮ್ಮ ಮನೆಗಳಲ್ಲೂ ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ ಅಂತ ಹೆಣ್ಣುಮಕ್ಕಳಿಗೆ ಹೇಳುವಾಗ ಇದೇ ಲೆಕ್ಕ ಇರುತ್ತದೆ. ಕಳೆ ಕೀಳಲು, ನಾಟಿ ಮಾಡಲು ಹೋಗುವ ಹೆಂಗಸರಿಗೆ ಮಾತ್ರ ಈ ಬುದ್ಧಿಮಾತು ಹೇಳಿದ್ದನ್ನು ನಾನು ಕೇಳಿಲ್ಲ.

20ನೇ ಶತಮಾನದ ಶುರುವಿನಲ್ಲಿ ಈ ನಾಚಿಕೆಗೆ ಡಬ್ಬಿ ಸಿಕ್ಕಿತು. ಅಮೆರಿಕದ ಇಲಿನಾಯ್ ರಾಜ್ಯದ ಅರೋರಾ ಊರಿನಿಂದ ‘ಸ್ಟಿಲ್‌ಮನ್ಸ್ ಫ್ರೆಕಲ್ ಕ್ರೀಮ್’ ಮಾರುಕಟ್ಟೆಗೆ ಬಂತು. ಅಂಥವು ಇನ್ನೂ ಹಲವಿದ್ದವು. ಹುಡುಗಿಯರ ಮುಖದ ಚುಕ್ಕೆಯನ್ನು ಮದುವೆಗೂ ಗೆಳೆತನಕ್ಕೂ ಅಡ್ಡಿ ಅನ್ನುವ ಹಾಗೆ ಪತ್ರಿಕೆಗಳಲ್ಲಿ ಜಾಹೀರಾತು ಬಂದವು. ಇಂಥ ಕ್ರೀಮುಗಳ ಒಳಗೆ ಕೆಲಸ ಮಾಡುತ್ತಿದ್ದದ್ದು ಪಾದರಸದ ಸಂಯುಕ್ತ. ಬಣ್ಣ ತಯಾರಾಗಲು ಬೇಕಾದ ಕಿಣ್ವವನ್ನು ಪಾದರಸ ತಡೆಯುತ್ತದೆ, ಹಾಗಾಗಿ ಚುಕ್ಕೆ ಮಸುಕಾಗುವುದು ನಿಜ. ಅದೇ ಪಾದರಸ ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನೂ ನರಗಳನ್ನೂ ಹಾಳುಮಾಡುವುದೂ ನಿಜ. ಚರ್ಮ ಬಿಳಿಚಿಸುವ ಕ್ರೀಮುಗಳಲ್ಲಿ ಪಾದರಸ ಬಳಸುವುದನ್ನು ಅಮೆರಿಕ ನಿಷೇಧಿಸಿದ್ದು 1973ರಲ್ಲಿ.

ಅದೇ ಕಾಲದ ಎರಡು ಮಕ್ಕಳ ಪುಸ್ತಕಗಳಲ್ಲಿ ಜನರ ಮನಸ್ಸು ಚೆನ್ನಾಗಿ ಕಾಣುತ್ತದೆ. 1908ರಲ್ಲಿ ಕೆನಡಾದ ಎಲ್. ಎಂ. ಮಾಂಟ್‌ಗೊಮೆರಿ ಬರೆದ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ನ ಅನಾಥ ಹುಡುಗಿ ಆ್ಯನ್‌ಗೆ ಕೆಂಪು ಕೂದಲು, ಮುಖ ತುಂಬ ಚುಕ್ಕೆ. ಚುಕ್ಕೆಗಳನ್ನು ಕಲ್ಪನೆಯಲ್ಲಾದರೂ ಅಳಿಸಿಕೊಳ್ಳಬಲ್ಲೆ, ಕೂದಲಿನ ಬಣ್ಣ ಮಾತ್ರ ಕಲ್ಪನೆಗೂ ಬಗ್ಗುವುದಿಲ್ಲ ಅನ್ನುವುದು ಅವಳ ಸಂಕಟ. 1946ರಲ್ಲಿ ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಬರೆದ ಎರಡನೇ ಪಿಪ್ಪಿ ಪುಸ್ತಕದಲ್ಲಿ ಪಿಪ್ಪಿಗೂ ಕೆಂಪು ಜಡೆ, ಚುಕ್ಕೆ ಮುಖ. ಅಂಗಡಿಯೊಂದರ ಕಿಟಕಿಯಲ್ಲಿ, ಫ್ರೆಕಲ್ಸ್‌ನಿಂದ ನರಳುತ್ತಿದ್ದೀರಾ ಅಂತ ಕೇಳುವ ಫಲಕ. ಪಿಪ್ಪಿ ನೆಟ್ಟಗೆ ಒಳಗೆ ಹೋಗಿ, ತನಗೆ ಅಂಥ ನರಳಾಟ ಏನೂ ಇಲ್ಲ ಅಂತ ತಿಳಿಸುತ್ತಾಳೆ. ಅಂಗಡಿಯಾಕೆ ಬೆರಗಾಗಿ ಅವಳ ಮುಖದ ಕಡೆ ತೋರಿಸಿದರೂ ಜಗ್ಗುವುದಿಲ್ಲ. ಚುಕ್ಕೆ ಜಾಸ್ತಿ ಮಾಡುವ ಕ್ರೀಮ್ ಬಂದರೆ ಕಳಿಸಿಕೊಡಿ ಅಂತ ಬೇರೆ ಹೇಳಿ ಹೊರಡುತ್ತಾಳೆ.

ಆ ಫಲಕದಲ್ಲಿ ಎರಡು ಮಾತುಗಳನ್ನು ಒಂದಾಗಿ ಹೊಲಿದಿದ್ದರು, ಪಿಪ್ಪಿ ಆ ಹೊಲಿಗೆ ಬಿಚ್ಚಿದಳು. ಚುಕ್ಕೆ ಇರುವುದು ಒಂದು ಸಂಗತಿ, ಅದರಿಂದ ನರಳುವುದು ಇನ್ನೊಂದು. ಮೊದಲನೆಯದು ಅಜ್ಜಿ ಕೊಟ್ಟದ್ದು. ಎರಡನೆಯದು ಅಂಗಡಿಯವರು ಮಾರಿದ್ದು.

ಪಿಪ್ಪಿ ತಮಾಷೆಗೆ ಕೇಳಿದ ಕ್ರೀಮ್ ಈಗ ನಿಜವಾಗಿಯೂ ಸಿಗುತ್ತದೆ. ಚುಕ್ಕೆ ಬರೆದುಕೊಳ್ಳುವ ಪೆನ್ನುಗಳಿವೆ, ಚುಕ್ಕೆಯ ಟ್ಯಾಟೂ ಇದೆ, ಮೊಬೈಲಿನಲ್ಲಿ ಫಿಲ್ಟರ್ ಇದೆ. ಕಪ್ಪು ತಾಯಿ, ಬಿಳಿ ತಂದೆಯ ಮಗಳಾದ ನಟಿ ಮೇಗನ್ ಮಾರ್ಕಲ್, ಫೋಟೋಗಳಲ್ಲಿ ತನ್ನ ಚುಕ್ಕೆಗಳನ್ನು ಅಳಿಸಿಹಾಕುವುದು ತನಗೆ ಬೇಸರ ತರುತ್ತದೆ ಅಂತ 2017ರಲ್ಲಿ ಹೇಳಿದ್ದರು. ಕಾಲ ಸುಧಾರಿಸಿತು ಅಂತ ಖುಷಿಪಡಬಹುದು, ಪೂರ್ತಿ ಅಲ್ಲ. ಬರೆದುಕೊಂಡ ಚುಕ್ಕೆಯನ್ನು ರಾತ್ರಿ ತೊಳೆದುಕೊಳ್ಳಬಹುದು. ಶಾಲೆಯಲ್ಲಿ ಅದೇ ಚುಕ್ಕೆಗೆ ಗೇಲಿ ಮಾಡಿಸಿಕೊಂಡು ಬೆಳೆದವಳಿಗೆ ಆ ಸೌಲಭ್ಯ ಇರಲಿಲ್ಲ.

ಇದು ಬೇರೆಯವರ ಊರಿನ ಕಥೆ ಅಂತ ಬಿಡುವ ಹಾಗಿಲ್ಲ. ಅಲ್ಲಿ ಚುಕ್ಕೆ ಅಳಿಸಲು ಹೊರಟ ಪಾದರಸ, ಇಲ್ಲಿ ಇಡೀ ಮುಖದ ಬಣ್ಣವನ್ನೇ ಅಳಿಸಲು ಬಂದಿದೆ. 1975ರಲ್ಲಿ ಬಂದ ‘ಫೇರ್ ಆ್ಯಂಡ್ ಲವ್ಲಿ’ 2020ರಲ್ಲಿ ಹೆಸರು ಬದಲಿಸಿ ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು, ಆದರೆ ವಧು ಬೇಕಾಗಿದ್ದಾಳೆ ಕಾಲಂನ ಭಾಷೆ ಇನ್ನೂ ಬದಲಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸ್ಟೀರಾಯ್ಡ್ ಕ್ರೀಮ್ ಕೊಳ್ಳುವುದು ಎಷ್ಟು ಹೆಚ್ಚಾಯಿತೆಂದರೆ 2018ರಲ್ಲಿ ಕೇಂದ್ರ ಸರ್ಕಾರ ಅಂಥ ಹಲವು ಕ್ರೀಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಬೇಕಾಯಿತು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಅಪರೂಪದ ಮೂತ್ರಪಿಂಡ ಕಾಯಿಲೆಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಪಾದರಸ ತುಂಬಿದ ಬೆಳ್ಳಗಾಗುವ ಕ್ರೀಮುಗಳು. ಅಮೆರಿಕ ಕೈಬಿಟ್ಟು 50 ವರ್ಷ ಆದ ಮೇಲೆ.

ಹಾಗಂತ ಮುಖದ ಮೇಲಿನ ಪ್ರತಿ ಚುಕ್ಕೆಗೂ ಆರತಿ ಎತ್ತಬೇಕಿಲ್ಲ. ಯಾವುದಾದರೂ ಚುಕ್ಕೆಯ ಅಂಚು ಸೊಟ್ಟಗಾದರೆ, ಬಣ್ಣ ಎರಡು ಮೂರು ಥರ ಆದರೆ, ದಿನೇ ದಿನೇ ದೊಡ್ಡದಾದರೆ, ರಕ್ತ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅದು ಆರೋಗ್ಯದ ಮಾತು. ಅದು ಬಿಟ್ಟು, ಸುಮ್ಮನೆ ಕೂತಿರುವ ಚುಕ್ಕೆಗೆ ಯಾರಾದರೂ ಡಬ್ಬಿ ಮಾರಲು ಬಂದರೆ ಪಿಪ್ಪಿ ಹೇಳಿದ್ದನ್ನು ನೆನಪಿಸಿಕೊಳ್ಳಿ, ಡಬ್ಬಿ ತಿರುಗಿಸಿ ಹಿಂದೆ ಏನು ಬರೆದಿದೆ ಅಂತ ಓದಿ. ಏನೂ ಬರೆಯದೇ ಇದ್ದರೆ ಅಲ್ಲೇ ಇಟ್ಟು ಬನ್ನಿ.