ಉಗಾಂಡದ ಆರೋಗ್ಯ, ಉತ್ತರ ಮತ್ತು ದಕ್ಷಿಣ

ಆಂಗ್ಲ ಮಿಷನರಿ ವೈದ್ಯನಾದ ಆಲ್ಬರ್ಟ್ ಕುಕ್ 1897ರಲ್ಲಿ ನಮಿರೆಂಬೆ ಗುಡ್ಡದ ಮೇಲೆ ಮೆಂಗೋ ಆಸ್ಪತ್ರೆಯನ್ನು ಸ್ಥಾಪಿಸಿದಂದಿನಿಂದ ಉಗಾಂಡದ ವೈದ್ಯಸೌಕರ್ಯದ ಬಹುಭಾಗವು ದಕ್ಷಿಣದ ಬುಗಾಂಡ ಸಂಸ್ಥಾನದ ರಾಜಧಾನಿಯ ಸುತ್ತಲೇ ಬೆಳೆಯುತ್ತ ಹೋಗಿ, ಮುಲಾಗೊ ಆಸ್ಪತ್ರೆಯೂ ಅಲ್ಲಿಯೇ ತಲೆಯೆತ್ತಿತು. ಉತ್ತರದ ಅಚೋಲಿ ಸೀಮೆಯಲ್ಲಾದರೋ, ಇಂದು ಲೋಕವಿಖ್ಯಾತವಾಗಿರುವ ಲಾಚೋರ್ ಆಸ್ಪತ್ರೆ ಉದಯಿಸಿದುದು 1959ರಲ್ಲಿ, ಅದೂ ಸರ್ಕಾರದಿಂದಲ್ಲ, ಕೊಂಬೋನಿ ಸಂಘದ ಕ್ರೈಸ್ತ ಮಿಷನರಿಗಳಿಂದ. ಗೋವುಗಳ ಹಿಂದೆ ಅಲೆಯುವ, ಈಶಾನ್ಯದ ಕರಮೋಜ ಸೀಮೆಯ ಜನರಿಗೆ ಅಷ್ಟು ಸೌಕರ್ಯವೂ ದೂರದ ಮಾತೇ ಆಗಿದ್ದಿತು. ಈ ಶತಮಾನದ ಆರಂಭದಲ್ಲಿ ಆರೋಗ್ಯ ಸಚಿವಾಲಯವು ಲಸಿಕೆ, ಹೆರಿಗೆ ಮೊದಲಾದ ಮಾನಗಳಿಂದ ಜಿಲ್ಲೆಗಳನ್ನು ಅಳೆದು, ಕ್ರಮಾಂಕವಿತ್ತು ಪ್ರಕಟಿಸತೊಡಗಿದಾಗ, ಅಂತರ್ಯುದ್ಧದಿಂದ ಜರ್ಜರಿತವಾದ ಉತ್ತರವನ್ನೂ ಶಾಂತಿಯನ್ನುಂಡ ದಕ್ಷಿಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಯಿತು. ಆ ಪಟ್ಟಿಯಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿಯ ದಕ್ಷತೆಗಿಂತ ಅವನ ಸೀಮೆಯ ಪೂರ್ವಚರಿತ್ರೆಯೇ ಅಧಿಕವಾಗಿ ಪ್ರಕಟವಾಗುತ್ತಿದ್ದಿತೆಂದು ನಾನು ಬಗೆಯುತ್ತೇನೆ.