ಶಾಪದ ಹುಲ್ಲು ಬೆಳೆಯಾದ ಕಥೆ

ಗಣಪತಿಯ ಮುಡಿಗೆ 21 ಗರಿಕೆ ಏರಿಸುವ ರೈತನೇ ಹೊಲಕ್ಕೆ ಹೋದಾಗ ಅದೇ ಗರಿಕೆಯನ್ನು ಬೇರುಸಹಿತ ಕಿತ್ತೆಸೆಯುತ್ತಾನೆ. ಸಗಣಿಯ ಬೆನಕನಿಗೆ ಅದು ಬೇಕೇಬೇಕು, ಬೆಳೆಯ ಸಾಲಿನಲ್ಲಿ ಮಾತ್ರ ಬೇಡ. ಉತ್ತರ ಕರ್ನಾಟಕದವರು ಕರಕಿ ಎನ್ನುವ ಈ ಹುಲ್ಲು ನೆಲದ ಮೇಲೆ ಕುಡಿ ಚಾಚುತ್ತದೆ, ನೆಲದೊಳಗೆ ಕಾಂಡ ಹರಿಸುತ್ತದೆ. ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ. ಹಸಿ ನೆಲವನ್ನು ಉತ್ತರೆ ತುಂಡಾದ ಗೆಣ್ಣುಗಳೆಲ್ಲ ಹೊಸ ಗಿಡಗಳಾಗುತ್ತವೆ.

ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಬೆಳೆಗಾರರೂ ಇದೇ ಕಷ್ಟ ಉಂಡವರು. ಅಲ್ಲಿ ಬರ್ಮುಡಾ ಹುಲ್ಲು ಎಂದು ಕರೆಯುವುದು ನಮ್ಮ ಗರಿಕೆಯನ್ನೇ. ಹತ್ತಿ ಹೊಲಕ್ಕೆ ನುಗ್ಗಿದರೆ ಅದನ್ನು ತೆಗೆಯುವುದರಲ್ಲೇ ಕೂಲಿಯೆಲ್ಲ ಕರಗುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ಕಾಯಿಕೊರಕ ಮೂತಿಹುಳು ಹತ್ತಿಯನ್ನು ಹಾಳುಮಾಡಿತು. ವರ್ಷವರ್ಷವೂ ಒಂದೇ ಬೆಳೆ ಕಂಡಿದ್ದ ಇಳಿಜಾರು ಹೊಲಗಳ ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿಹೋಗುತ್ತಿತ್ತು. ಮಣ್ಣು ಹಿಡಿದು ನಿಲ್ಲಿಸುವ, ದನಕ್ಕೆ ಮೇವಾಗುವ ಗಿಡವೊಂದು ಜಾರ್ಜಿಯಾಕ್ಕೆ ಬೇಕಿತ್ತು.

1936ರಲ್ಲಿ ಗ್ಲೆನ್ ಬರ್ಟನ್ ಎಂಬ ಯುವ ತಳಿವಿಜ್ಞಾನಿ ಜಾರ್ಜಿಯಾದ ಟಿಫ್ಟನ್ ಪ್ರಯೋಗ ಕೇಂದ್ರಕ್ಕೆ ಬಂದರು. ರೈತರು ಶಪಿಸುತ್ತಿದ್ದ ಹುಲ್ಲನ್ನೇ ಅವರು ಕೈಗೆತ್ತಿಕೊಂಡರು. ಹಳೆಯ ಹತ್ತಿ ಹೊಲವೊಂದರಲ್ಲಿ ಸಿಕ್ಕಿದ್ದ ಹುಲುಸಾದ ಗರಿಕೆಯನ್ನು ದಕ್ಷಿಣ ಆಫ್ರಿಕಾದಿಂದ ತರಿಸಿದ ಗರಿಕೆಗಳೊಡನೆ ಸಂಕರಿಸಿ, ಹುಟ್ಟಿದ ಸಾವಿರಾರು ಸಸಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅವುಗಳಲ್ಲಿ ಗೆದ್ದುಬಂದ ‘ಕೋಸ್ಟಲ್’ ತಳಿ 1943ರಲ್ಲಿ ಬಿಡುಗಡೆಯಾಯಿತು. ಎತ್ತರಕ್ಕೆ ಬೆಳೆಯುವುದರಿಂದ ಅದನ್ನು ಕೊಯ್ದು ಒಣಮೇವು ಮಾಡಬಹುದಿತ್ತು. ಬೇರು ಆಳಕ್ಕೆ ಇಳಿಯುವುದರಿಂದ ಬರವನ್ನೂ ತಾಳುತ್ತಿತ್ತು.

ಹತ್ತಿ ಬೆಳೆಗಾರರ ಭಯ ಇಳಿಸಿದ ಗುಣ ಇನ್ನೊಂದಿತ್ತು. ಕೋಸ್ಟಲ್ ಬೀಜ ಕಟ್ಟುವುದು ತೀರಾ ವಿರಳ. ಬೇಕಾದವರು ಅದರ ಕುಡಿಗಳನ್ನು ತಂದು ನೆಡಬೇಕಿತ್ತು. ಗಾಳಿ, ನೀರಿನೊಡನೆ ಬೀಜ ಪಕ್ಕದವರ ಹೊಲ ಸೇರುವ ಅಂಜಿಕೆ ಇರಲಿಲ್ಲ. ಕಾಲಕ್ರಮದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಲಕ್ಷಾಂತರ ಎಕರೆಗೆ ಅದು ಹಬ್ಬಿ, ಹತ್ತಿಯ ಸೀಮೆಯಲ್ಲಿ ದನಸಾಕಣೆಗೆ ಆಧಾರವಾಯಿತು. ಮುಂದೆ ಬರ್ಟನ್ ಆಟದ ಮೈದಾನಗಳಿಗೂ ಗರಿಕೆಯ ತಳಿಗಳನ್ನು ರೂಪಿಸಿದರು. 1956ರ ‘ಟಿಫ್‌ಗ್ರೀನ್’, 1960ರ ‘ಟಿಫ್‌ವೇ’ ಗಾಲ್ಫ್ ಅಂಗಳಗಳಲ್ಲಿ ಹೆಸರಾದವು.

ಬರ್ಟನ್ ಕೆಲಸದ ಇನ್ನೊಂದು ಫಲ ಭಾರತದ ಒಣಭೂಮಿಗೆ ಸಂದಿತು. ಮೇವಿಗೆಂದು ಅವರು ಸಜ್ಜೆಯ ಮೇಲೂ ದುಡಿಯುತ್ತಿದ್ದರು. ಅಲ್ಲಿ ರೂಪುಗೊಂಡ ‘ಟಿಫ್ಟ್ 23ಎ’ ಎಂಬ ಗಂಡುಬಂಜೆ ಸಾಲು ಭಾರತಕ್ಕೆ ಬಂತು. ಸ್ವಂತ ಪರಾಗವಿಲ್ಲದ ಅದರ ತೆನೆಗೆ ಬೇರೆ ತಳಿಯ ಪರಾಗ ಕೂಡಿಸಿ ಸಂಕರ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುವುದು ಸಾಧ್ಯವಾಯಿತು. ಲೂಧಿಯಾನದಲ್ಲಿ ದಿಲ್‌ಬಾಗ್ ಸಿಂಗ್ ಅಠ್ವಾಲ್ ಅದನ್ನು ಬಳಸಿ ರೂಪಿಸಿದ ‘ಎಚ್‌ಬಿ-1’, ದೇಶದ ಮೊದಲ ಸಂಕರ ಸಜ್ಜೆಯಾಗಿ 1965ರಲ್ಲಿ ರೈತರ ಕೈ ಸೇರಿತು. ಮಳೆಯೂ ಕೈಹಿಡಿದ 1970ರಲ್ಲಿ ದೇಶದ ಸಜ್ಜೆ ಇಳುವರಿ ದಾಖಲೆ ಮುಟ್ಟಿತು. ಆಮೇಲೆ ತೆನೆಯಲ್ಲಿ ಕಾಳಿನ ಬದಲು ಎಲೆ ಮೂಡಿಸುವ ಬೂಜು ರೋಗ ಆ ಸಂಕರಗಳನ್ನು ಕೆಡವಿತು. ರೋಗ ತಾಳುವ ಹೊಸ ತಳಿಗಳ ಹುಡುಕಾಟ ಶುರುವಾದದ್ದು ಆ ಪೆಟ್ಟಿನಿಂದಲೇ.

ಬರ್ಟನ್ 2005ರಲ್ಲಿ ತೀರಿಕೊಂಡರು. ಅವರು ಹೊಲದ ಶತ್ರುವನ್ನು ಅಳಿಸಲು ಹೊರಡಲಿಲ್ಲ, ಅದಕ್ಕೆ ತಕ್ಕ ಜಾಗ ಹುಡುಕಿಕೊಟ್ಟರು. ನಮ್ಮ ರೈತರಿಗೂ ಈ ದಾರಿ ತೆರೆದಿದೆ. ಬೆಳೆಯ ನಡುವಿನ ಗರಿಕೆಯನ್ನು ಬೇಸಿಗೆಯಲ್ಲಿ ಉತ್ತು, ಬೇರನ್ನು ಬಿಸಿಲಿಗೆ ಒಣಗಿಸಿ ತೆಗೆಯಲೇಬೇಕು. ನೆರಳನ್ನು ಅದು ತಾಳದು, ದಟ್ಟವಾಗಿ ಬೆಳೆಯುವ ಪೈರೂ ಅದನ್ನು ಅಡಗಿಸುತ್ತದೆ. ಆದರೆ ಬದುವಿನ ಮೇಲಿನ ಗರಿಕೆ ಮಳೆಗಾಲದಲ್ಲಿ ಮಣ್ಣು ಕಾಯುತ್ತದೆ, ಬೇಸಿಗೆಯಲ್ಲಿ ದನಕ್ಕೆ ಮೇವಾಗುತ್ತದೆ. ಅದಕ್ಕೆ ಕಳೆನಾಶಕ ಹೊಡೆಯದೆ ಬಿಡಿ.