ಮಡಿಕೇರಿ: ಗುಡ್ಡದ ಬಡಾವಣೆಗಳು ಮತ್ತು ಪುನರ್ವಸತಿ

ಕೊಡಗಿನ ಜಿಲ್ಲಾ ಕೇಂದ್ರ ಮಡಿಕೇರಿಯಲ್ಲಿ ಬಡವರ ವಸತಿ ಹೆಚ್ಚಾಗಿ ಬೆಳೆದದ್ದು ಇಳಿಜಾರಿನಲ್ಲಿ. ಸಮತಟ್ಟಾದ ಜಾಗ ಇಲ್ಲಿ ಕಡಿಮೆ, ಇದ್ದರೂ ದುಬಾರಿ. ಕೂಲಿಕಾರರು ಬರೆ ಕಡಿದು, ಮಣ್ಣು ತಟ್ಟಿ ಒಂದರ ಮೇಲೊಂದರಂತೆ ಮನೆ ಕಟ್ಟಿಕೊಂಡರು. ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರಗಳು ಇಂಥ ಬಡಾವಣೆಗಳು.

ರಾಜ್ಯದಲ್ಲಿ ಕೊಳಚೆ ಪ್ರದೇಶಗಳ ಸುಧಾರಣೆಗೆ 1973ರ ಕಾಯ್ದೆಯೂ ಅದರಡಿ ರಚನೆಯಾದ ಮಂಡಳಿಯೂ ಇವೆ. ರಸ್ತೆ, ನೀರು, ಚರಂಡಿ ಒದಗಿಸಿ ಇದ್ದಲ್ಲೇ ಸುಧಾರಿಸುವುದು ಮಂಡಳಿಯ ಒಂದು ದಾರಿ. ನೆಲವೇ ಜಾರುವ ಊರಿಗೆ ಅದು ಸಾಲದು.

2018ರ ಆಗಸ್ಟ್ ಮಳೆಯಲ್ಲಿ ಈ ಬಡಾವಣೆಗಳ ಹಲವು ಮನೆಗಳು ಕುಸಿದವು. ಸರ್ಕಾರ ಸಂತ್ರಸ್ತರಿಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಕೊಟ್ಟು, ಕರ್ಣಂಗೇರಿ, ಮದೆನಾಡು, ಮಾದಾಪುರ ಬಳಿಯ ಜಂಬೂರು ಮುಂತಾದೆಡೆ ಎರಡು ಮಲಗುವ ಕೋಣೆಗಳ ಮನೆ ಕಟ್ಟಿಸಿತು. ಒಂದಕ್ಕೆ ತಗಲಿದ್ದು ಸುಮಾರು 9.85 ಲಕ್ಷ ರೂಪಾಯಿ. ಜಂಬೂರಿನಲ್ಲಿ ಇನ್ಫೋಸಿಸ್ ಪ್ರತಿಷ್ಠಾನವೂ ಕೈಜೋಡಿಸಿತು. ಮನೆಗಳೇನೋ ಗಟ್ಟಿ. ಆದರೆ ಪೇಟೆಯ ದಿನಗೂಲಿ ನಂಬಿದವರಿಗೆ ಕರ್ಣಂಗೇರಿ ಹತ್ತಿರವಾದಷ್ಟು ಸೋಮವಾರಪೇಟೆ ತಾಲ್ಲೂಕಿನ ಜಂಬೂರು ಹತ್ತಿರವಲ್ಲ. ಬಸ್ಸಿನ ಖರ್ಚು ಯೋಜನೆಯ ಲೆಕ್ಕಕ್ಕೆ ಬರುವುದಿಲ್ಲ.